ಗ್ಯಾಸ್ ಆಫ್ ಮಾಡಿದ್ಯೇನೇ?

1

ಎಲ್ಲಿಂದ ಶುರುಮಾಡಲಿ? ಸಾವಿನಿಂದ ಶುರುಮಾಡಿದರೆ ಪುಟ ತಿರುವಿಬಿಡುತ್ತೀರಿ, ಕಂಪ್ಯೂಟರಿನಿಂದಾದರೆ ಆಕಳಿಸುತ್ತೀರಿ. ಎರಡನ್ನೂ ಒಟ್ಟಿಗೇ ಹೇಳಿಬಿಡುತ್ತೇನೆ. 2001ನೇ ಇಸವಿ, ಮುಳಬಾಗಿಲು. ಲೆಕ್ಕಪತ್ರ ಬರೆಯುವ ನಂದಕಿಶೋರ ಕೋಲಾರದ ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮನೆಯಲ್ಲಿ ಅವನ ಕಂಪ್ಯೂಟರ್ ಉಳಿಯಿತು. ಐದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಕಪ್ಪಾಗಿ, ಅವನೇ ಹಿಂದೊಮ್ಮೆ ತಮಾಷೆಗೆ ಹಾಕಿಟ್ಟ ಸಾಲು ಬಲದಿಂದ ಎಡಕ್ಕೆ ಹರಿಯುತ್ತದೆ:

"ಸೌಪರ್ಣೀ, ಗ್ಯಾಸ್ ಆಫ್ ಮಾಡಿದ್ಯೇನೇ?"

ಹೆಂಡತಿ ಸೌಪರ್ಣಿಕಾ ಪ್ರತಿಸಲವೂ ಎದ್ದು ಅಡುಗೆಮನೆಗೆ ಹೋಗಿ ನೋಡುತ್ತಾಳೆ. ಆಫ್ ಆಗಿಯೇ ಇರುತ್ತದೆ. ಆದರೂ ಮೈ ಜುಮ್ಮೆನ್ನುತ್ತದೆ. (ಕಂಪ್ಯೂಟರನ್ನೇ ಆರಿಸಿದರಾಯ್ತಲ್ಲ ಅಂತೀರಾ? ಗಂಡನ ಕೆಲಸವನ್ನೀಗ ಅವಳೇ ನಡೆಸಬೇಕು ಸ್ವಾಮಿ.)

2

ಆ ಸಾಲನ್ನು ತೆಗೆಯಲು ಮೈದುನ ಭಾರ್ಗವ ಬಂದ. ಕಂಟ್ರೋಲ್ ಪ್ಯಾನೆಲ್ ಒತ್ತಿದ. ವಿಂಡೋ ಮಿಂಚಿ ಮಾಯವಾಯಿತು. ಸೇಫ್ ಮೋಡಿನಲ್ಲೂ ಅದೇ ಕಥೆ.

"ಇದೇಂಟ್ರಾ ದೇವುಡಾ!" ಎಂದು ತೆಲುಗಿನಲ್ಲಿ ಗೊಣಗಿದ. "ಯಾರೋ ಒಳಗಿಂದ ಚಿಲಕ ಹಾಕ್ಕೊಂಡಂಗಿದೆ ಅತ್ತಿಗೆ. ಫಾರ್ಮ್ಯಾಟ್ ಹೊಡೀಬೇಕು. ನಿಮ್ಮ ಲೆಕ್ಕ ಫ್ಲಾಪಿಗೆ ಹಾಕ್ಕೊಡ್ತೀನಿ, ಮಿಕ್ಕಿದ್ದೆಲ್ಲಾ ಹೋಗುತ್ತೆ."

"ಅವರ ಮಾತೂ?"

"ಅದೇ ತಾನೇ ಬೇಡ ಅಂದಿದ್ದು ನೀವು?"

ಆ ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕೇಳುವವರು ಇನ್ನಾರಿದ್ದಾರೆ? ಸೌಪರ್ಣಿಕಾ ಭಾರ್ಗವನ ಕೈ ಹಿಡಿದುಕೊಂಡಳು.

"ಮುಟ್ಟಬೇಡ ಕಣೋ. ಸ್ವಲ್ಪ ಇರು."

3

(ಮೊದಲ ಕರಡಿನಲ್ಲಿ ಫಾರ್ಮ್ಯಾಟ್ ಆದಮೇಲೂ ಸಾಲು ಬರುತ್ತಿತ್ತು. ಎರಡನೆಯದರಲ್ಲಿ ಗ್ಯಾಸ್ ನಿಜಕ್ಕೂ ಸೋರುತ್ತಿತ್ತು, ಸತ್ತ ಗಂಡ ಕಾಪಾಡಿದ. ಥೂ, ಎರಡನ್ನೂ ಅಳಿಸಿದೆ.)

ಅಳಿಸಿದ್ದನ್ನು ಕಂಡು ಸೌಪರ್ಣಿಕಾ ನನ್ನ ಕಡೆಗೇ ತಿರುಗಿದಳು.

"ಕಥೆ ನಿಮ್ಮದು ತಾನೇ? ಎರಡು ಕರಡು ಅಳಿಸಿದೋರಿಗೆ ಆ ಬಸ್ಸಿನ ಸಾಲೊಂದು ತಿದ್ದೋಕೆ ಏನ್ರೀ ಕಷ್ಟ?"

ನಾಚಿಕೆಯಾಯಿತು. ಒಂದನೆಯ ಭಾಗಕ್ಕೆ ಹೋಗಿ 'ಏಳಲಿಲ್ಲ' ಎಂಬುದನ್ನು 'ಎದ್ದ' ಎಂದು ತಿದ್ದಿದೆ. ನನ್ನ ಪರದೆ ಮಿಂಚಿತು. ಏಳಲಿಲ್ಲ. ಮತ್ತೆ ತಿದ್ದಿದೆ. ಏಳಲಿಲ್ಲ. (ನಂಬಿಕೆ ಇಲ್ಲದಿದ್ದರೆ ನೀವೇ ಮೇಲೆ ಹೋಗಿ ನೋಡಿ.)

"ನಂದೂ ಓಪನ್ ಆಗ್ತಿಲ್ಲಮ್ಮ," ಎಂದೆ.

ಅವಳು ಅಡುಗೆಮನೆಗೆ ಹೋದಳು.

4

ಕೊನೆಗಳು ಎರಡಿವೆ: ಭಾರ್ಗವ ಫಾರ್ಮ್ಯಾಟ್ ಮಾಡುತ್ತಾನೆ, ಇಲ್ಲವೇ ಅತ್ತಿಗೆ ಕೊಟ್ಟ ಕಾಫಿ ಕುಡಿದು ಹೋಗುತ್ತಾನೆ. ಯಾವುದೆಂದು ತೋಚದೆ ಕೈಕಟ್ಟಿ ಕೂತೆ. ನನ್ನ ಪರದೆ ಕಪ್ಪಾಯಿತು. ನಾನು ಅದರಲ್ಲಿ ಯಾವ ಸಾಲನ್ನೂ ಹಾಕಿಟ್ಟವನಲ್ಲ. ಆದರೂ ಬಲದಿಂದ ಎಡಕ್ಕೆ ಹರಿದು ಬಂತು:

"ಮಾಡಿದೀನ್ರೀ. ನೀವು ಮಲ್ಕೊಳ್ಳಿ."

ಮೌಸ್ ಮುಟ್ಟಿದರೆ ಅದು ಹೋಗಿಬಿಡುತ್ತದೆ. ಮುಟ್ಟದೆ ಕಥೆ ಮುಗಿಸಲಾಗದು. ನಾನಂತೂ ಮುಟ್ಟುವುದಿಲ್ಲ, ಕೈ ಕಟ್ಟಿಕೊಂಡೇ ಕೂತಿದ್ದೇನೆ.

(ಹಾಗಾದರೆ ಈ ಸಾಲನ್ನು ಬರೆಯುತ್ತಿರುವುದು ಯಾರೆಂದು ನನ್ನನ್ನು ಕೇಳಬೇಡಿ.)