ಹೊರಗಿನ ಚಿಲಕ

"ಇದು ನಮ್ಮ ಸಂಸಾರದ ವಿಷಯ, ಭಾವ. ಚಿಲಕ ಮುಟ್ಟಿದ್ರೆ ಕೈ ಮುರೀತೀನಿ."

ಮುರಿ ನೋಡೋಣ ಎಂದೆ. ನನ್ನ ತಂಗಿಯ ಗಂಡ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಬಸ್ ಕಂಡಕ್ಟರ್. ಎಲ್ಲರೂ ಅವನನ್ನು ಸೀಟಿ ಎಂದೇ ಕರೆಯುವುದು. ಬಸ್ಸಿನಲ್ಲಿ ಮುದುಕಿಯರನ್ನು ಕೈಹಿಡಿದು ಇಳಿಸುವ ಮನುಷ್ಯ. ನಿನ್ನೆ ಬೆಳಗಿನಿಂದ ನನ್ನ ತಂಗಿಯನ್ನು ಒಳಗೆ ಕೂಡಿಹಾಕಿದ್ದಾನೆಂದು ಪಕ್ಕದ ಮನೆಯ ಟೈಲರಮ್ಮ ನನ್ನ ಮರಗೆಲಸದ ಅಂಗಡಿಗೆ ಓಡಿಬಂದು ಹೇಳಿದ್ದಳು. ಮೊದಲು ಕೂಗು ಕೇಳುತ್ತಿತ್ತಂತೆ, ಆಮೇಲೆ ಬಾಗಿಲು ಕೆರೆಯುವ ಸದ್ದು. ಈಗ ಅದೂ ಇಲ್ಲವಂತೆ.

ಸೀಟಿ ನಕ್ಕ. "ಸಂಸಾರ ಅಂದ್ಮೇಲೆ ಪಾತ್ರೆಗೆ ಪಾತ್ರೆ ತಾಗುತ್ತೆ ಅಂದೋರು ನೀವೇ ಅಲ್ವಾ? ಈ ಚಿಲಕ ಹಾಕ್ಕೊಟ್ಟೋರು ಯಾರು?"

ನಾನೇ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮದುವೆಯಾದ ವರ್ಷವೇ ತಂಗಿ ಹಲ್ಲು ಮುರಿಸಿಕೊಂಡು ನನ್ನ ಮನೆಗೆ ಬಂದಿದ್ದಳು. ಪಾತ್ರೆಯ ಮಾತು ಹೇಳಿ, ಊಟ ಹಾಕಿಸಿ, ಸಂಜೆ ಅವನ ಬಸ್ಸಿಗೇ ಹತ್ತಿಸಿದೆ. ಎರಡನೆಯ ಸಲ ಬಂದಾಗ ಸಂಸಾರ ಗುಟ್ಟು, ವ್ಯಾಧಿ ರಟ್ಟು ಎಂದೆ. ಆಮೇಲೆ ಅವಳು ಬರುವುದನ್ನೇ ಬಿಟ್ಟಳು. ಅವನು ಒದ್ದು ಮುರಿದ ಬಾಗಿಲನ್ನು ರಿಪೇರಿ ಮಾಡಲು ನಾನೇ ಹೋಗುತ್ತಿದ್ದೆ. ಮೂರನೆಯ ರಿಪೇರಿಗೆ ಹೋದಾಗ, ಒಳಗಿನ ಚಿಲಕ ಕಿತ್ತು ಹೊರಗೆ ಹಾಕಿ ಎಂದ. ಯಾಕೆಂದು ಕೇಳಲಿಲ್ಲ. ಉದ್ದನೆಯ ಸ್ಕ್ರೂ ಹಾಕಿ ಬಿಗಿದೆ. ತಂಗಿ ಒಲೆಯ ಹತ್ತಿರ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳು ಕೊಟ್ಟ ಚಹಾ ಮುಗಿಸಿ ಎದ್ದು ಬಂದೆ.

ಅವನ ನಗು ನೋಡಿ ತಲೆ ಕೆಟ್ಟಿತು. ಅಂಗಡಿಯಿಂದ ತಂದಿದ್ದ ಸುತ್ತಿಗೆ ಬೀಸಿದೆ. ಹೆಗಲ ಮೂಳೆ ಲಟಕ್ಕೆಂದಿತು. ಕುಸಿದು ಬಿದ್ದ ಮೇಲೂ ಪಕ್ಕೆಗೆ ಒದ್ದೆ. ಸುಳ್ಳು ಯಾಕೆ ಹೇಳಲಿ, ಹಿತವಾಗಿತ್ತು.

ಚಿಲಕಕ್ಕೆ ಬೀಗ ಬಿದ್ದಿತ್ತು. ಬೀಗದ ಕೈ ಹುಡುಕುವ ತಾಳ್ಮೆ ನನಗೆಲ್ಲಿಯದು? ಚಿಲಕದಡಿ ಉಳಿ ತೂರಿಸಿ ಬಡಿದೆ. ಜಗ್ಗಲಿಲ್ಲ. ನಾನು ಬಿಗಿದದ್ದು ಅಷ್ಟು ಸುಲಭಕ್ಕೆ ಬರುತ್ತದೆಯೇ? ಉಳಿ ಜಾರಿ ಅಂಗೈ ಸೀಳಿತು. ಕಬ್ಬಿಣಕ್ಕೆ ಬೈದೆ, ಅವನಿಗೆ ಬೈದೆ, ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅವಳಿಗೂ ಬೈದೆ. ಕೊನೆಗೆ ಚಿಲಕ ಹಲಗೆಯ ಸಮೇತ ಸೀಳಿಕೊಂಡು ಬಂತು.

ತಂಗಿ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದಳು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಮಣಿಕಟ್ಟು ಊದಿತ್ತು. ಉಗುರುಗಳ ಸಂದಿಯಲ್ಲಿ ಬಾಗಿಲಿನ ಹಸಿರು ಬಣ್ಣ. ನನ್ನ ಹಿಂದೆಯೇ ಬಂದಿದ್ದ ಟೈಲರಮ್ಮ ನೀರಿನ ಚೊಂಬು ಹಿಡಿದರೆ ಉಸಿರು ಬಿಡದೆ ಕುಡಿದಳು.

ಅಷ್ಟರಲ್ಲಿ ಮೆಟ್ಟಿಲ ತುಂಬ ಜನ. ಮನೆ ಮಾಲೀಕ ಮುಂದೆ ಬಂದು, ಪೊಲೀಸು ಗಿಲೀಸು ಅಂತ ಹೋದರೆ ಎರಡೂ ಕಡೆಗೆ ನಷ್ಟ, ನಿಮ್ಮ ನಿಮ್ಮಲ್ಲೇ ಮುಗಿಸಿಕೊಳ್ಳಿ ಎಂದ. ಪೊಲೀಸರು ಬಂದರೆ ನನ್ನನ್ನೂ ಹಿಡಿಯುತ್ತಾರೆ. ಮೂಳೆ ಮುರಿದವನು ನಾನಲ್ಲವೇ? ಸೀಟಿ ನೆಲದ ಮೇಲೆ ಹೊರಳುತ್ತ, ಇನ್ನು ಕೈ ಎತ್ತುವುದಿಲ್ಲ ಎಂದು ಗೋಳಾಡುತ್ತಿದ್ದ. ನನ್ನ ಬಾಯಿ ಸುಮ್ಮನಿರಲಿಲ್ಲ.

"ಬುದ್ಧಿ ಕಲಿಸಿದೀನಿ ಕಣಮ್ಮ, ಇನ್ನು ಮುಟ್ಟಲ್ಲ. ಅವನಿಗೊಂದಿಷ್ಟು ನೀರು ಕೊಡು. ಎಷ್ಟಾದ್ರೂ ಸಂಸಾರ, ಬಿಡೋಕಾಗುತ್ತಾ?"

ಅವಳು ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿದಳು.

"ಅವನು ಹೊಡೀವಾಗ್ಲೂ ಅದನ್ನೇ ಅಂತಿದ್ದ, ಅಣ್ಣ, ಎಷ್ಟಾದ್ರೂ ಸಂಸಾರ ಅಂತ. ಒಂದೊಂದು ಏಟಿಗೂ ಒಂದೊಂದ್ಸಲ. ನಿನ್ನ ಥರಾನೇ ಎಳೆದು ಎಳೆದು."

ಚೊಂಬನ್ನು ಟೈಲರಮ್ಮನ ಕೈಗಿಟ್ಟಳು. ಗೋಡೆ ಹಿಡಿದು ಎದ್ದು, ಗಂಡನ ಕಾಲು ದಾಟಿ, ನನ್ನ ಪಕ್ಕದಿಂದಲೇ ಹಾದು ಬರಿಗಾಲಲ್ಲಿ ಮೆಟ್ಟಿಲಿಳಿದಳು. ಜನ ಸರಿದು ದಾರಿ ಬಿಟ್ಟರು. ನಾನು ಹಿಂದೆ ಹೋಗಲಿಲ್ಲ. ಎಲ್ಲಿಗೆ ಹೋದಾಳು, ನಮ್ಮ ಮನೆಗೇ ತಾನೆ ಎಂದುಕೊಂಡೆ.

ಸೀಟಿಯನ್ನು ಆಟೋದಲ್ಲಿ ಆಸ್ಪತ್ರೆಗೆ ಹಾಕಿ, ಅಂಗೈಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದೆ. ತಂಗಿ ಮಲಗಿದ್ದಾಳಾ ಎಂದು ಹೆಂಡತಿಯನ್ನು ಕೇಳಿದೆ. ಅವಳೆಲ್ಲಿ ಬಂದಳು, ಯಾರೂ ಬಂದಿಲ್ಲವಲ್ಲ ಎಂದಳು.

ಏಳು ವರ್ಷವಾಯಿತು. ಬಂದಿಲ್ಲ.