ಮೊದಲು ಒಳಗೆ ಬಂದು ಕೂತ್ಕೊಳ್ಳಿ

ಶಿವಾಜಿನಗರದ ಒಂದು ವಠಾರದಲ್ಲಿ ಸಾಬಿರಾಳ ಮನೆ. ಬಾಗಿಲಿಗೆ ಹೂವಿನ ಚಿತ್ರದ ಒಂದು ಪರದೆ. ಆ ಪರದೆಯ ಆಚೆ ಯಾರಾದರೂ ಕೆಮ್ಮಿ, "ಮನೇಲಿ ಯಾರಿದ್ದೀರಾ? ಸಂಸ್ಥೆಯಿಂದ ಬಂದಿದ್ದೀವಿ" ಎಂದರೆ ಸಾಕು, ಸಾಬಿರಾಳ ಮೈಯೆಲ್ಲ ಉರಿದುಹೋಗುತ್ತಿತ್ತು.

ಉರಿಯದೆ ಇನ್ನೇನು? ಅವಳ ಮಗಳು ನಾಜಿಶ್‌ಗೆ ಏಳು ವರ್ಷ. ಹುಟ್ಟಿದಾಗಿನಿಂದ ಕಾಲು ಬಿಗಿ, ನಡೆಯಲು ಆಗುವುದಿಲ್ಲ, ಮಾತೂ ನಿಧಾನ. ಬುದ್ಧಿ ಮಾತ್ರ ಚುರುಕು. ಈ ಮಗುವಿಗೆ ಸಹಾಯ ಮಾಡುತ್ತೇವೆ ಎಂದು ಆ ಸೇವಾ ಸಂಸ್ಥೆಯಿಂದ ಬಂದವರು ಒಬ್ಬರೇ, ಇಬ್ಬರೇ? ಒಮ್ಮೆ ಬಂದವರು ಇನ್ನೊಮ್ಮೆ ಬಂದದ್ದಿಲ್ಲ. ಪ್ರತಿ ಸಲ ಹೊಸ ಮುಖ, ಅದೇ ಹಳೇ ಪ್ರಶ್ನೆ. ಹೆಸರೇನು, ಹೆರಿಗೆ ಎಲ್ಲಾಯಿತು, ಸಂಬಂಧದಲ್ಲೇ ಮದುವೆಯಾದಿರಾ? ಎಲ್ಲ ಹೊಸ್ತಿಲಲ್ಲಿ ನಿಂತುಕೊಂಡೇ. ಕೂತ್ಕೊಳ್ಳಿ ಎಂದರೆ "ಪರವಾಗಿಲ್ಲ" ಎನ್ನುವರು. ಟೀ ಕುಡೀರಿ ಎಂದರೆ "ಈಗ ತಾನೇ ಆಯ್ತು" ಎನ್ನುವರು. ಬಡವರ ಮನೆ ಟೀ ಕಂಡರೆ ಅಷ್ಟೇಕೆ ಭಯವೋ!

ಕೊನೆಗೆ ಬಂದ ಒಬ್ಬಾಕೆಯಂತೂ ಪರದೆ ಸರಿಸಿ ಇಣುಕಿದಳು. ಮೂಲೆಯಲ್ಲಿ ಒಂದು ಹಳೇ ಕಾರಿನ ಟೈರು ಇತ್ತು. ಅದರೊಳಗೆ ನಾಜಿಶ್ ಕೂತಿದ್ದಳು. ಆಕೆ ಮೂಗಿನ ಮೇಲೆ ಬೆರಳಿಟ್ಟುಕೊಂಡವಳು ನೇರ ಆಫೀಸಿಗೆ ಹೋದಳು. "ಮಗೂನ ಕಸದ ಥರ ಟೈರಲ್ಲಿ ಹಾಕಿಟ್ಟಿದ್ದಾರೆ" ಎಂದಳು. ಸ್ವಲ್ಪ ದಿನಕ್ಕೆ ಸಂಸ್ಥೆಯಿಂದ ಸುದ್ದಿ ಬಂತು. ಹುಡುಗಿಯನ್ನು ಕೆ.ಆರ್. ಪುರದ ಆಚೆ ಇಂಥ ಮಕ್ಕಳ ಒಂದು ಹೋಮ್‌ಗೆ ಸೇರಿಸಬೇಕಂತೆ. ಅಲ್ಲೇ ಇರಬೇಕಂತೆ.

ಸಾಬಿರಾಳ ಗಂಡ ಅಹ್ಮದ್ ಪಾಷಾ ಪಂಕ್ಚರ್ ಅಂಗಡಿಯಲ್ಲಿ ದುಡಿಯುವವನು. ಸುದ್ದಿ ಕೇಳಿ ಅವನ ಮುಖ ಸಣ್ಣದಾಯಿತು.

"ಕಳಿಸ್ಬಿಡೋಣ ಸಾಬಿರಾ. ಅಲ್ಲಿ ಡಾಕ್ಟರು, ನರ್ಸು ಇರ್ತಾರಂತೆ. ನಮ್ಮ ಕೈಲಿ ಏನಾಗುತ್ತೆ?"

"ನನ್ನ ಹೆಣ ದಾಟ್ಕೊಂಡು ಕರ್ಕೊಂಡೋಗ್ಲಿ!" ಎಂದು ಸಾಬಿರಾ ಗುಡುಗಿದಳು. ಆಮೇಲೆ ಒಲೆಯ ಮುಂದೆ ಕೂತು ಅತ್ತಳು.

ಪಕ್ಕದ ಮನೆಯ ತಾಹೇರಾ ಸಮಾಧಾನಕ್ಕೆ ಬಂದಳು. "ಆ ಸಂಸ್ಥೇಲಿ ಹಂಸ ಅಂತ ಒಬ್ಳಿದ್ದಾಳೆ. ನನ್ನ ತಂಗಿ ಬಾಣಂತನದಲ್ಲಿ ವಾರ ವಾರ ಬಂದ್ಲು. ಅವಳನ್ನ ಕಳಿಸಿ ಅಂತ ಹೇಳ್ತೀನಿ."

"ಎಲ್ಲಾರೂ ಅಷ್ಟೇ ಬಿಡು."

"ನೋಡು, ಆಮೇಲೆ ಬೈ."

ಹಂಸ ಹೊಸ ತಿಪ್ಪಸಂದ್ರದವಳು. ಬಂದದ್ದು ಚಳಿಗಾಲದ ಒಂದು ಮಧ್ಯಾಹ್ನ. ಸಾಬಿರಾ ಪರದೆಯ ಒಳಗಿನಿಂದಲೇ ಕೇಳಿದಳು. "ಮತ್ತೆ ಹೆಸರು, ವಯಸ್ಸು ಕೇಳೋಕ್ ಬಂದ್ರಾ?"

"ಇಲ್ಲಕ್ಕಾ. ಮೊದ್ಲು ಒಂದ್ ಲೋಟ ನೀರು ಕೊಡಿ. ಬಸ್ಸಲ್ಲಿ ನಿಂತು ನಿಂತು ಗಂಟ್ಲು ಒಣಗೋಗಿದೆ."

ವಠಾರದವರೆಲ್ಲ ತಿರುಗಿ ನೋಡಿದರು. ರಂಜಾನ್ ತಿಂಗಳು, ಮಟಮಟ ಮಧ್ಯಾಹ್ನ, ಮನೆಮಂದಿಯೆಲ್ಲ ಉಪವಾಸ. ಇವಳು ಬಂದು ನೀರು ಕೇಳುತ್ತಾಳೆ! ಹಂಸಳಿಗೆ ತಟ್ಟನೆ ನೆನಪಾಯಿತು, ನಾಲಿಗೆ ಕಚ್ಚಿಕೊಂಡಳು.

"ಅಯ್ಯಯ್ಯೋ! ಮರ್ತೇಬಿಟ್ಟೆ ಅಕ್ಕಾ. ತಪ್ಪಾಯ್ತು, ಬೇಡ ಬೇಡ."

ಸಾಬಿರಾಳಿಗೆ ಎಲ್ಲಿತ್ತೋ ನಗು, ಉಕ್ಕಿ ಬಂತು. ಎಷ್ಟೋ ದಿನದ ಮೇಲೆ ನಕ್ಕಿದ್ದಳು. "ರೋಜಾ ನಮ್ದು ಮೇಡಮ್, ನಿಮ್ದಲ್ಲ. ಒಳಗ್ ಬನ್ನಿ, ಕುಡೀರಿ" ಎಂದು ಪರದೆ ಎತ್ತಿದಳು.

ಹಂಸ ಚಾಪೆಯ ಮೇಲೆ ಕೂತಳು. ಸಂಜೆಯ ಅಡುಗೆಗೆಂದು ನೆನೆಸಿದ ಅವರೆಕಾಳು ಪಾತ್ರೆಯ ತುಂಬ ಇತ್ತು. ಕೇಳದೆಯೇ ತಾನೂ ಹಿದುಕಲು ಶುರುಮಾಡಿದಳು. ಪ್ರಶ್ನೆ ಇಲ್ಲ, ಬುದ್ಧಿವಾದ ಇಲ್ಲ. ಪಕ್ಕದಲ್ಲೇ ನಾಜಿಶ್ ಟೈರಿನಲ್ಲಿ ನೆಟ್ಟಗೆ ಕೂತು, ಎರಡೂ ಕೈಯಲ್ಲಿ ಕಾಳು ಹಿದುಕುತ್ತಿದ್ದಳು. ತನ್ನ ಬಟ್ಟಲು ತೋರಿಸಿ, "ನಂದು... ಜಾಸ್ತಿ" ಎಂದಳು.

"ಹೌದಲ್ಲೇ ಕಳ್ಳಿ! ಅಕ್ಕಾ, ಈ ಟೈರು ಯಾರ ಐಡಿಯಾ?"

ಸಾಬಿರಾ ಹುಬ್ಬು ಗಂಟಿಕ್ಕಿದಳು. ಬಂತಲ್ಲ ಟೈರಿನ ಮಾತು! ಆದರೆ ಹಂಸಳ ಮುಖದಲ್ಲಿ ಕೊಂಕು ಕಾಣಲಿಲ್ಲ.

"ಅವರಪ್ಪಂದು. ಬರೀ ನೆಲದ ಮೇಲೆ ಕೂರ್ಸಿದ್ರೆ ಬೀಳ್ತಾಳೆ. ಕುರ್ಚೀಲಿ ಜಾರ್ತಾಳೆ. ಅಂಗಡೀಲಿ ಎಷ್ಟೋ ಟೈರು ನೋಡಿ, ಇದನ್ನ ಆರಿಸಿ, ತೊಳ್ದು, ಹಳೇ ರಜಾಯಿ ಸುತ್ತಿ ಹೊಲ್ದ್ರು. ಇದ್ರಲ್ಲಿ ಬೆನ್ನು ನೆಟ್ಟಗಿರುತ್ತೆ, ಕೈ ಎರಡೂ ಆಡುತ್ತೆ."

"ಇದನ್ನ ನಮ್ಮೋರಿಗೆ ಯಾಕೆ ಹೇಳ್ಲಿಲ್ಲ?"

"ಕೇಳಿದ್ದು ಯಾರು?"

ಹಂಸಳ ಕಣ್ಣು ತುಂಬಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಅಪ್ಪನ ಪ್ರೀತಿಯನ್ನು ಹೊಸ್ತಿಲಲ್ಲಿ ನಿಂತವರು ಕಸ ಎಂದುಬಿಟ್ಟಿದ್ದರು.

ಅಂದಿನಿಂದ ಹಂಸ ಬರುತ್ತಲೇ ಇದ್ದಳು. ಕೆಲವು ದಿನ ನಾಜಿಶ್ ಜೊತೆ ಆಟ, ಕೆಲವು ದಿನ ಸಾಬಿರಾಳ ಅಳು ಕೇಳುವುದಷ್ಟೇ ಕೆಲಸ. ಒಂದು ದಿನ ಪಂಕ್ಚರ್ ಅಂಗಡಿಗೇ ಹೋಗಿ, "ಭಾಯ್, ನೀವು ಮಾಡಿರೋದು ಬೆಸ್ಟ್ ಕೆಲ್ಸ" ಎಂದಳು. ಅಹ್ಮದ್ ಪಾಷಾ ಕೈಯ ಮಸಿ ಒರೆಸಿಕೊಳ್ಳುತ್ತ ತಲೆ ತಗ್ಗಿಸಿದ. ಮಗಳ ವಿಷಯದಲ್ಲಿ ಅವನನ್ನು ಯಾರೂ ಹೊಗಳಿರಲಿಲ್ಲ.

ಆಫೀಸಿಗೆ ಮಾತ್ರ ಇದೆಲ್ಲ ರುಚಿಸಲಿಲ್ಲ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು. ಹುಡುಗಿ ಮನೆಯಲ್ಲೇ ಇರಲಿ ಎಂದು ಹಂಸ ಎಷ್ಟು ಹೇಳಿದರೂ ಮುಖ್ಯಸ್ಥ ಪ್ರೇಮ್‌ಕುಮಾರ್ ಕೇಳಲಿಲ್ಲ. "ನೀನು ಆ ಮನೇನ ತುಂಬಾ ಹಚ್ಕೊಂಡ್ಬಿಟ್ಟಿದ್ದೀಯ. ನಾಳೆಯಿಂದ ವಿಮಾನಪುರದ ಕಡೆ ಹೋಗು" ಎಂದರು.

"ಹಚ್ಕೊಂಡಿದ್ದಕ್ಕೇ ಸರ್, ನಿಜ ಗೊತ್ತಾಗಿದ್ದು" ಎಂದಳು ಹಂಸ.

ಮರುದಿನ ಬೆಳಿಗ್ಗೆ ಹುಡುಗಿಯನ್ನು ಕರೆದೊಯ್ಯಲು ವಠಾರದ ಮುಂದೆ ವ್ಯಾನ್ ನಿಂತಿತು. ಪ್ರೇಮ್‌ಕುಮಾರ್ ಇಳಿದು ಬಂದರು. ಸಾಬಿರಾ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಳು. ಕಾಲು ಕದಲಲಿಲ್ಲ. ಅಷ್ಟರಲ್ಲಿ ಹಂಸ ಓಡಿ ಬಂದಳು. ವಿಮಾನಪುರಕ್ಕೆ ಹೋಗದೆ ನೇರ ಇಲ್ಲಿಗೇ ಬಂದಿದ್ದಳು. ಸಾಬಿರಾಳ ಪಕ್ಕ ನಿಂತಳು. ತಾಹೇರಾ ಇನ್ನೊಂದು ಪಕ್ಕ.

"ನೀನು ಯಾರ ಕಡೆ ಹಂಸ?" ಪ್ರೇಮ್‌ಕುಮಾರ್ ದನಿ ಏರಿತು.

"ಮಗು ಕಡೆ, ಸರ್."

ಪ್ರೇಮ್‌ಕುಮಾರ್ ಸಾಬಿರಾಳ ಕಡೆ ತಿರುಗಿದರು. "ನಿಮ್ಮ ಮಗೂ ಒಳ್ಳೇದಕ್ಕೇ ಕಣಮ್ಮಾ ನಾವು ಬಂದಿರೋದು."

"ನನ್ನ ಮಗೂ ಒಳ್ಳೇದನ್ನ ನನ್ನ ಕೇಳ್ದೆ ಹೇಗ್ ತೀರ್ಮಾನ ಮಾಡಿದ್ರಿ?" ಸಾಬಿರಾ ಕೇಳಿದಳು. "ಅವಳಿಗೆ ಏನು ಇಷ್ಟ ಗೊತ್ತಾ ಸಾರ್? ಯಾಕೆ ಅಳ್ತಾಳೆ ಗೊತ್ತಾ? ಮೊದ್ಲು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ್ಕೊಳ್ಳಿ. ನೋಡಿ. ಆಮೇಲೂ ನಿಮ್ಗೆ ವ್ಯಾನ್ ಬೇಕು ಅನ್ಸಿದ್ರೆ ನನ್ನ ಹತ್ರ ಮಾತಾಡಿ."

ವಠಾರದ ಕಣ್ಣೆಲ್ಲ ಪ್ರೇಮ್‌ಕುಮಾರ್ ಮೇಲಿತ್ತು. ಅವರು ಚಪ್ಪಲಿ ಬಿಟ್ಟರು. ಚಾಪೆಯ ಮೇಲೆ ಕಷ್ಟಪಟ್ಟು ಕಾಲು ಮಡಚಿದರು. ಟೈರಿನಲ್ಲಿ ಕೂತಿದ್ದ ನಾಜಿಶ್ ಬಟ್ಟಲಿನ ಒಂದು ಅವರೆಕಾಳು ಹಿದುಕಿದಳು. ಅದು ಚಂಗನೆ ಹಾರಿ ಅವರ ಕನ್ನಡಕಕ್ಕೆ ಬಡಿಯಿತು. ಅವಳು ಕಿಲಕಿಲ ನಕ್ಕಳು. ಅವರೂ ತಡೆಯಲಾರದೆ ನಕ್ಕರು. ಟೈರನ್ನು ಮುಟ್ಟಿ ನೋಡಿದರು, ಒಳಗಿನ ಹೊಲಿಗೆ ನೋಡಿದರು.

"ಹಂಸ ಹೇಳಿದ್ಲು, ನಾನೇ ಕಿವಿಗೆ ಹಾಕ್ಕೊಳ್ಲಿಲ್ಲಮ್ಮ" ಎಂದರು ಕೊನೆಗೆ.

"ಸಹಾಯ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ" ಎಂದಳು ಸಾಬಿರಾ. "ಕಾಲಿಗೆ ವ್ಯಾಯಾಮ ಹೇಳ್ಕೊಡೋರನ್ನ ಕಳ್ಸಿ. ಹತ್ತಿರದ ಸ್ಕೂಲಲ್ಲಿ ಮಾತಾಡಿ. ಆದ್ರೆ ದಿನಕ್ಕೊಬ್ರನ್ನ ಕಳಿಸ್ಬೇಡಿ. ಹಂಸ ಬರ್ಲಿ. ನನ್ನ ಮಗಳ ಮಾತು ನನ್ನ ಮನೇಲಿ, ನನ್ನ ಎದುರಿಗೇ ಆಗ್ಲಿ."

ವ್ಯಾನ್ ಖಾಲಿ ಹಿಂದಿರುಗಿತು. ಹಂಸ ಶಿವಾಜಿನಗರದಲ್ಲೇ ಉಳಿದಳು. ವ್ಯಾಯಾಮದ ಡಾಕ್ಟರಮ್ಮನನ್ನು ಅವಳೇ ಕರೆತಂದಳು. ಮಗಳನ್ನು ಹಿಡಿದು ನಿಲ್ಲಿಸುವುದನ್ನು ಅಹ್ಮದ್ ಪಾಷಾ ಕಲಿತ. "ಕಳಿಸ್ಬಿಡೋಣ ಅಂದಿದ್ದೆನಲ್ಲ" ಎಂದು ಒಂದು ದಿನ ಅವನು ತನ್ನನ್ನೇ ಬೈದುಕೊಂಡ. ಸಾಬಿರಾ ಅವನ ಬೆನ್ನು ಸವರಿದಳು.

ಅಕ್ಕಂದಿರೇ, ಅಣ್ಣಂದಿರೇ, ಸಹಾಯಕ್ಕೆ ಬಂದವರಿಗೆ ಬಾಗಿಲು ಹಾಕಬೇಡಿ. ಆದರೆ ತಲೆಯನ್ನೂ ಬಗ್ಗಿಸಬೇಡಿ. "ನಮ್ಮನೆಗೆ ಒಬ್ಬರೇ ಬರಲಿ, ಮತ್ತೆ ಮತ್ತೆ ಬರಲಿ, ನಮ್ಮ ಜೊತೆ ಕೂತು ತೀರ್ಮಾನ ಮಾಡಲಿ" ಎಂದು ಗಟ್ಟಿಯಾಗಿ ಕೇಳಿ. ಅದು ಭಿಕ್ಷೆಯಲ್ಲ. ಮನೆ ಮನೆಗೆ ಹೋಗುವ ಕಾರ್ಯಕರ್ತರೇ, ನಿಮಗೂ ಒಂದು ಮಾತು. ಮನೆಯವರ ನಂಬಿಕೆ ಗಳಿಸುವುದು ಕೆಲಸಕ್ಕೆ ಮುಂಚಿನ ಉಪಚಾರವಲ್ಲ, ಅದೇ ನಿಮ್ಮ ಕೆಲಸ. ಬಡವರಿಗೆ ಮಕ್ಕಳನ್ನು ಸಾಕಲು ಬರುವುದಿಲ್ಲ ಎಂದು ಇನ್ನು ಯಾರಾದರೂ ಹೇಳಿದರೆ, ಸುಮ್ಮನಿರಬೇಡಿ.