ಮುತ್ತೈದೆಯ ಗಂಟು

ಶ್ರೀರಂಗಪಟ್ಟಣದಲ್ಲಿ ಪಶ್ಚಿಮವಾಹಿನಿಗೆ ಹೋಗುವ ದಾರಿಯ ಬದಿಗೆ ಶಿವಣ್ಣನ ಅಂಗಡಿ. ಅವನ ಅಜ್ಜ ಬಿದಿರು ಸೀಳಿ ಚಟ್ಟ ಕಟ್ಟುತ್ತಿದ್ದ ಜಾಗದಲ್ಲೇ ಎಪ್ಪತ್ತು ದಾಟಿದ ಅವನೂ ಕೂರುತ್ತಿದ್ದ. ನಾಗಮಂಗಲದ ಕಡೆಯಾಗಲಿ, ಕೆ.ಆರ್. ಪೇಟೆಯ ಕಡೆಯಾಗಲಿ, ಮನೆಯೊಂದರಲ್ಲಿ ಉಸಿರು ನಿಂತರೆ ಅಳುವಿನ ನಡುವೆಯೇ ಯಾರಾದರೊಬ್ಬರು ಅವನಿಗೆ ಫೋನು ಮಾಡುತ್ತಿದ್ದರು. ಚಟ್ಟ, ಮಡಕೆ, ಸೌದೆ, ವ್ಯಾನು, ತಮಟೆಯವರು, ಹನ್ನೊಂದನೆಯ ದಿನದ ಶಾಮಿಯಾನ, ಎಲ್ಲವೂ ಅವನದೇ ಹೊಣೆ. ಹಿಂದಿನ ಕಪಾಟಿನಲ್ಲಿ ಹೆಣಕ್ಕೆ ಉಡಿಸುವ ಬಟ್ಟೆಬರೆಯ ಮೂರು ಬಗೆಯ ಗಂಟುಗಳು ಸದಾ ಸಿದ್ಧ: ಗಂಡಸರದು, ಮುತ್ತೈದೆಯರದು, ವಿಧವೆಯರದು. ಸಾವು ಎಲ್ಲರನ್ನೂ ಸಮ ಮಾಡುತ್ತದೆಂಬ ಮಾತನ್ನು ಆ ಕಪಾಟು ಮೂರು ತಲೆಮಾರಿನಿಂದ ಒಪ್ಪಿರಲಿಲ್ಲ.

ಬದುಕಿರುವಾಗಲೇ ಬಂದು ತಮ್ಮ ಸಾವಿನ ಏರ್ಪಾಡು ಹೇಳಿಹೋಗುವವರು ಈಚೆಗೆ ಹೆಚ್ಚಿದ್ದರು. ಹಾಗಾಗಿ ಪಾಂಡವಪುರದ ಕಡೆಯ ಹಳ್ಳಿಯಿಂದ ಚಿಕ್ಕಬೋರಮ್ಮ ಬಂದು ಬೆಂಚಿನ ಮೇಲೆ ಕೂತಾಗ ಶಿವಣ್ಣನಿಗೆ ಅಚ್ಚರಿಯಾಗಲಿಲ್ಲ. ಜೊತೆಗೆ ಅವಳನ್ನು ಬೈಕಿನಲ್ಲಿ ಕರೆತಂದ ಮೈದುನನ ಮಗ ದಿಲೀಪ್ ಇದ್ದ. ಮಕ್ಕಳಿಲ್ಲದ ಅವಳಿಗೆ ಕೊಳ್ಳಿ ಇಡಬೇಕಾದವನು ಅವನೇ.

“ಬರ್ಕೊ ಶಿವಣ್ಣ,” ಎಂದಳು. “ನಾನು ಸತ್ರೆ ತಮಟೆ ಬ್ಯಾಡ. ಕಿವಿಗೆ ಆಗಾಕಿಲ್ಲ.”

“ಸತ್ ಮ್ಯಾಕೆ ಕಿವಿ ಎಲ್ಲಿ ಕೇಳ್ತದವ್ವ?”

“ನಂದು ಕೇಳ್ತದೆ, ನೀನು ಬರ್ಕೊ. ಬಿಳಿ ಬಟ್ಟೆ ಬ್ಯಾಡ. ಮುತ್ತೈದೆ ಗಂಟು ಕೊಡು. ಅರಿಶಿನದ ಸೀರೆ, ಅಸುರು ಬಳೆ, ಕುಂಕುಮ, ಊವು. ಒಂದೂ ಕಮ್ಮಿ ಆಗ್ಬಾರ್ದು.”

ಶಿವಣ್ಣನ ಪೆನ್ನು ನಿಂತಿತು. ದಿಲೀಪ್ ಎದ್ದೇಬಿಟ್ಟ. “ದೊಡ್ಡವ್ವ, ತಲೆ ಕೆಟ್ಟದಾ? ದೊಡ್ಡಪ್ಪ ಓಗಿ ಮೂವತ್ತೊಂದು ವರ್ಸ ಆಯ್ತು. ಊರೋರು ಮಕಕ್ಕೆ ಉಗೀತಾರೆ!”

“ನಿನ್ ಮಕಕ್ ತಾನೆ? ಒರಸ್ಕೊ.”

ಶಿವಣ್ಣ ಸಮಾಧಾನದ ದನಿಯಲ್ಲಿ ಹೇಳಿದ: “ನಮ್ಮಜ್ಜನ ಕಾಲದಿಂದ್ಲೂ ಈ ಅಂಗಡೀಲಿ ಗಂಟು ಅದ್ಲುಬದ್ಲು ಆಗಿಲ್ಲ ಕಣವ್ವ.”

“ಅದ್ಕೇ ನಿನ್ತಾವ್ಲೇ ಬಂದಿರೋದು. ನನ್ ಗಂಡನ ಗಂಟು ಕಳ್ಸಿದ್ದೋನು ನೀನೆ. ಅದ್ರೊಳ್ಗೆ ಒಂದ್ ಡಜನ್ ಬಳೆ ಇದ್ವು. ಕೈತುಂಬ ತೊಡ್ಸುದ್ರು, ಆಮ್ಯಾಕೆ ಇಬ್ರು ಇಡ್ಕಂಡು ಕಲ್ಲಿಗೆ ಕುಟ್ಟುದ್ರು. ನೋಡು.” ಮಣಿಕಟ್ಟಿನ ಬಿಳಿ ಗಾಯದ ಗುರುತನ್ನು ಅವನ ಮುಂದೆ ಚಾಚಿದಳು. “ಆಗ ನಂಗೆ ಮೂವತ್ತಾರು. ಕಬ್ಬು ಕಡಿಯಾಕೆ, ಎಮ್ಮೆ ಕರಿಯಾಕೆ, ಇವ್ನ ಓದ್ಸಾಕೆ ಈ ಮುಂಡೆ ಕೈ ಆಯ್ತದೆ. ಬಳೆ ತೊಡಾಕೆ ಮಾತ್ರ ಆಗಾಕಿಲ್ವಾ?”

ಗಂಡಸರ ಗಂಟಿನಲ್ಲಿ ಆ ಬಳೆಗಳು ಇಂದಿಗೂ ಇರುತ್ತಿದ್ದವು. ದಾರಿಯಲ್ಲಿ ಒಡೆಯದಿರಲೆಂದು ಶಿವಣ್ಣನೇ ಅವನ್ನು ಹತ್ತಿಯಲ್ಲಿ ಸುತ್ತಿ ಕಳಿಸುತ್ತಿದ್ದ. ಆ ಎಚ್ಚರದೊಳಗಿನ ಕ್ರೌರ್ಯ ಇಷ್ಟು ವರ್ಷವೂ ಅವನಿಗೆ ಹೊಳೆದಿರಲಿಲ್ಲ. ಅವನು ತಲೆ ತಗ್ಗಿಸಿ ಚೀಟಿಯಲ್ಲಿ ಬರೆದ: ಮುತ್ತೈದೆಯ ಗಂಟು.

ದಿಲೀಪ್ ನಕ್ಕ. “ಬರ್ಕಳಿ ಯಜಮಾನ್ರೆ. ಕಣ್ಮುಚ್ಚಿದ್ ಮ್ಯಾಕೆ ಉಡ್ಸೋರು ನಾವು. ನಿಮ್ ಚೀಟಿ ಎದ್ಬಂದು ಕೇಳ್ತದಾ?”

ಅದು ಸುಳ್ಳಾಗಿರಲಿಲ್ಲ. ತಮಟೆ ಬೇಡವೆಂದು ಬರೆಸಿದವರ ಹೆಣದ ಮುಂದೆ ಊರೆಲ್ಲ ಕುಣಿದದ್ದನ್ನು ಶಿವಣ್ಣ ಕಂಡಿದ್ದ. ಸತ್ತವರ ಮಾತು ಎಷ್ಟು ಹಗುರವೆಂದು ಅವನಷ್ಟು ಬಲ್ಲವರಿರಲಿಲ್ಲ.

ಚಿಕ್ಕಬೋರಮ್ಮ ಮೊಣಕಾಲಿಗೆ ಕೈಯೂರಿ ಎದ್ದಳು.

“ಅಂಗಾದ್ರೆ ಸಾಯೋಗಂಟ ಯಾಕೆ ಕಾಯ್ಲಿ? ಗಂಟು ಬಿಚ್ಚು ಶಿವಣ್ಣ.”

“ಅವ್ವ, ಈ ಅಂಗಡಿ ಬಟ್ಟೇನ ಬದುಕಿರೋರು ಉಡಬಾರ್ದು.”

“ಉಟ್ರೆ ಏನಾಯ್ತದೆ, ಸಾಯ್ತೀನಾ? ಅದನ್ನ ಬರ್ಸಾಕೆ ತಾನೆ ಬಂದಿರೋದು!”

ಶಿವಣ್ಣನಿಗೆ ನಗು ತಡೆಯಲಾಗಲಿಲ್ಲ. ಕಪಾಟಿನಿಂದ ಗಂಟು ತೆಗೆದು ಅವಳ ಕೈಗಿತ್ತ. ತಡಿಕೆಯ ಮರೆಯಿಂದ ಅವಳು ಅರಿಶಿನ ಬಣ್ಣದ ಹೊಸ ಸೀರೆಯಲ್ಲಿ ಹೊರಬಂದಳು. ಕುಂಕುಮವನ್ನು ಯಾರೂ ಇಡಬೇಕಿರಲಿಲ್ಲ, ಹೆಬ್ಬೆರಳಿನಿಂದ ತಾನೇ ಒತ್ತಿಕೊಂಡಿದ್ದಳು. ಬಳೆ ಮಾತ್ರ ಗಂಟುಬಿದ್ದ ಬೆರಳುಗಳನ್ನು ದಾಟಲಿಲ್ಲ. ಶಿವಣ್ಣ ಸೋಪಿನ ನೀರು ತಂದು ಅವಳೆದುರು ಕುಕ್ಕರುಗಾಲಲ್ಲಿ ಕೂತ. ಸಾವಿರಾರು ಬಳೆಗಳನ್ನು ಮುಟ್ಟಿದ್ದ ಅವನು ಬಿಸಿಯಿರುವ ಕೈಗೆ ಬಳೆ ತೊಡಿಸುತ್ತಿದ್ದದ್ದು ಅದೇ ಮೊದಲು. ಒಂದೂ ಒಡೆಯಲಿಲ್ಲ.

“ಸತ್ತಾಗ ಬಿಚ್ಚುಸ್ತೀವಿ ಬುಡು,” ಎಂದ ದಿಲೀಪ್.

ಶಿವಣ್ಣ ನಿಧಾನವಾಗಿ ಎದ್ದು ನಿಂತ. “ಲೇ, ಆ ಬಳೆಗೆ ಯಾವನಾರಾ ಕೈ ಆಕ್ಲಿ. ನಿಮ್ಮನೇಲಿ ಇನ್ನ್ಯಾರು ಸತ್ರೂವೆ ಈ ಅಂಗಡಿಯಿಂದ ಒಂದು ಬಿದಿರೂ ಬರಾಕಿಲ್ಲ ಕಣ್ಲಾ. ಎಗಲ್ ಮ್ಯಾಲೆ ಒತ್ಕಂಡೋಗು.”

ಚಿಕ್ಕಬೋರಮ್ಮ ಸೆರಗು ಸರಿಪಡಿಸಿಕೊಂಡು ದಿಲೀಪನ ಕಡೆ ತಿರುಗಿದಳು.

“ಬೈಕ್ ತೆಗಿಯಲೇ.”

“ಇಂಗೇ ಊರಿಗಾ?”

“ಊರಿಗಲ್ಲ, ಪಾಂಡವಪುರದ ಸಂತೆಗೆ. ಅಲ್ಲಿ ಜನ ಜಾಸ್ತಿ.”

ಅವನು ಕದಲಲಿಲ್ಲ. ಅವಳೂ ಕಾಯಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಸೀರೆಯ ಬಣ್ಣ ಇನ್ನಷ್ಟು ಹೊತ್ತಿಕೊಂಡಿತು. ಟೀ ಅಂಗಡಿಯ ಗಂಡಸರು ಲೋಟ ಹಿಡಿದಂತೆಯೇ ನಿಂತು ನೋಡಿದರು. ಅವಳು ನಡುರಸ್ತೆಗೆ ಇಳಿದು, ಬರುತ್ತಿದ್ದ ಬಸ್ಸಿಗೆ ಬಳೆ ತುಂಬಿದ ಕೈಯನ್ನು ಅಡ್ಡ ಹಿಡಿದಳು.

ಬಸ್ಸು ನಿಂತಿತು.